3.8 ಕೆಜಿಯ ನಾಯಿ, ಹತ್ತು ದಿನದ ಕಾರು ಪ್ರಯಾಣ: ಉಣ್ಣೆ (ಟಿಕ್), ಚಿಗಟಕ್ಕೆ ಏನು, ಯಾವಾಗ?

ಪುಟ್ಟಪಂಜ (ಪ್ರಶ್ನೆ)

ಚಿಕ್ಕ ತಳಿ, ಉದ್ದ ಕೂದಲು, ಐದು ವರ್ಷ, ತೂಕ ಹತ್ತಿರ ಹತ್ತಿರ 3.8 ಕೆಜಿ. ಮುಂದಿನ ತಿಂಗಳು ಹತ್ತು ದಿನ ಕಾರಿನಲ್ಲಿ ಹೊರಡುತ್ತಿದ್ದೇವೆ. ಎರಡು ಕಡೆ ನಾಯಿಗಳನ್ನು ಒಳಗೆ ಬಿಟ್ಟುಕೊಳ್ಳುವ ಬಾಡಿಗೆ ಮನೆ, ಕೊನೆಗೆ ಬೆಕ್ಕುಗಳಿರುವ ನೆಂಟರ ಮನೆ. ಮಧ್ಯೆ ಕಾಡಂಚಿನ ಹುಲ್ಲುದಾರಿಗಳಲ್ಲಿ ಓಡಾಟ ಇದ್ದೇ ಇದೆ, ನೀರಿಗೂ ಇಳಿಯಬಹುದು.

ಕೇಳಬೇಕಾದದ್ದು ಇಷ್ಟು. ಮಾತ್ರೆ, ಬೆನ್ನಿಗೆ ಹಾಕುವ ಸ್ಪಾಟ್-ಆನ್ ಹನಿ, ಔಷಧಿ ಕಾಲರ್ ಈ ಮೂರರಲ್ಲಿ ಯಾವುದು ಸರಿ? ಮೂರನ್ನೂ ಒಟ್ಟಿಗೆ ಬಳಸಿದರೆ ಇನ್ನೂ ಗಟ್ಟಿಯೇ? ದೊಡ್ಡ ನಾಯಿಗೆಂದು ತಂದಿದ್ದ 10–25 ಕೆಜಿ ಪ್ಯಾಕಿನ ಮಾತ್ರೆ ಒಂದು ಉಳಿದಿದೆ, ಅದನ್ನೇ ಕತ್ತರಿಸಿ ಕೊಡಬಹುದೇ? ಹೊರಡುವ ದಿನ ಬೆಳಿಗ್ಗೆ ಸ್ನಾನ ಮಾಡಿಸಿ ಔಷಧಿ ಹಾಕಿದರೆ ಸಾಕೇ?

---

ಔಷಧಿಪೆಟ್ಟಿಗೆ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲೇ. ಹೊರಡುವ ದಿನ ಬೆಳಿಗ್ಗೆ ಸ್ನಾನ, ಆಮೇಲೆ ಹನಿ ಎಂದರೆ ಔಷಧಿ ಅರ್ಧ ವ್ಯರ್ಥ. ಫಿಪ್ರೊನಿಲ್‌ನಂಥ ಹನಿಗಳು ಚರ್ಮದ ಜಿಡ್ಡಿನ ಮೂಲಕ ಮೈಯೆಲ್ಲ ಹರಡಬೇಕು, ಅದಕ್ಕೆ 24ರಿಂದ 48 ಗಂಟೆ ಬೇಕು. ಶಾಂಪೂ ಆ ಜಿಡ್ಡನ್ನೇ ತೊಳೆದುಬಿಡುತ್ತದೆ. ಹನಿ ಹಾಕುವ ಎರಡು ದಿನ ಮೊದಲು ಮತ್ತು ಹಾಕಿದ ಎರಡು ದಿನ ನಂತರ ಸ್ನಾನ, ಈಜು ಎರಡೂ ಬೇಡ. ಅಂದರೆ ಐದು ದಿನ ಮೊದಲು ಸ್ನಾನ, ಮೂರು ದಿನ ಮೊದಲು ಹನಿ, ಆಮೇಲೆ ಪ್ರಯಾಣ.

ಮಾತ್ರೆಗೆ ಸ್ನಾನದ ತಕರಾರಿಲ್ಲ, ನೀರಿಗಿಳಿದರೂ ಏನೂ ಆಗುವುದಿಲ್ಲ. ಆದರೆ ಹೊಸ ಔಷಧಿಯನ್ನು ಮೊದಲ ಸಲ ಹೊರಡುವ ದಿನ ಕೊಡಬಾರದು. ವಾಂತಿ, ಭೇದಿ, ನಡುಕ ಏನೇ ಬಂದರೂ ಅದು ನಿಮ್ಮ ಪಶುವೈದ್ಯರು ಕೈಗೆ ಸಿಗುವ ಊರಿನಲ್ಲೇ ಬರಲಿ. ಏಳೆಂಟು ದಿನ ಮೊದಲು ಕೊಡಿ. ತಿಂಗಳ ಮಾತ್ರೆಯಾದರೆ ನಿಮ್ಮ ಹತ್ತು ದಿನ ಕಳೆದು ಮನೆಗೆ ಬಂದ ಮೇಲೂ ಹನ್ನೆರಡು ದಿನಕ್ಕೆ ಕಡಿಮೆಯಿಲ್ಲದಂತೆ ರಕ್ಷಣೆ ಉಳಿದಿರುತ್ತದೆ. ಅದು ಬೇಕು ಕೂಡ. ಯಾಕೆಂದರೆ ಚಿಗಟದ ನಿಜವಾದ ಕಾಟ ಮನೆಗೆ ಬಂದ ಮೇಲೆ ಗೊತ್ತಾಗುವುದು.

ಉಳಿದ ಮಾತ್ರೆ ಕತ್ತರಿಸುವ ಯೋಚನೆ ಬಿಡಿ. ಅಗಿಯುವ ಮಾತ್ರೆಯ ಪ್ರತಿ ಚೂರಿನಲ್ಲೂ ಔಷಧಿ ಒಂದೇ ಅಳತೆಯಲ್ಲಿರುತ್ತದೆ ಎಂಬ ಖಾತ್ರಿ ಇಲ್ಲ. 20 ಕೆಜಿ ನಾಯಿಯಲ್ಲಿ ಒಂದೆರಡು ಮಿಲಿಗ್ರಾಂ ಆಚೀಚೆ ಲೆಕ್ಕಕ್ಕೆ ಬರುವುದಿಲ್ಲ, ಮೂರೂಮುಕ್ಕಾಲು ಕೆಜಿಯಲ್ಲಿ ಬರುತ್ತದೆ. ದೊಡ್ಡ ನಾಯಿಯ ಹನಿಯ ಕೊಳವೆಯಿಂದ ಅಂದಾಜಿಗೆ ಹಿಂಡಿ ಹಾಕುವುದೂ ಇದೇ ತಪ್ಪಿನ ಇನ್ನೊಂದು ರೂಪ.

ನಿಮ್ಮ ನಾಯಿ ಎರಡು ತೂಕದ ಪ್ಯಾಕ್‌ಗಳ ಗಡಿಯಲ್ಲಿದೆ, ಗಮನಿಸಿ. ಅಫಾಕ್ಸೊಲಾನರ್ ಮಾತ್ರೆಯ ಚಿಕ್ಕ ಪ್ಯಾಕ್ ಬಹಳ ಕಡೆ 2–4 ಕೆಜಿಗೆ 11.3 ಮಿಗ್ರಾಂ, ಅದರ ಮೇಲಿನದು 4–10 ಕೆಜಿಗೆ 28.3 ಮಿಗ್ರಾಂ. ಫ್ಲುರಾಲಾನರ್ 2–4.5 ಕೆಜಿಗೆ 112.5 ಮಿಗ್ರಾಂ, ಇದು ಚಿಗಟಕ್ಕೆ ಸುಮಾರು ಮೂರು ತಿಂಗಳು ಬರುತ್ತದೆ, ಊಟದ ಜೊತೆಗೇ ಕೊಡಬೇಕು. ಸರೊಲಾನರ್ 2.5–5 ಕೆಜಿಗೆ 10 ಮಿಗ್ರಾಂ. ತೂಕದ ಪಟ್ಟಿ ಎಲ್ಲ ದೇಶದಲ್ಲೂ ಒಂದೇ ಇರುವುದಿಲ್ಲ, ಹಾಗಾಗಿ ಕೈಯಲ್ಲಿರುವ ಡಬ್ಬಿಯ ಮೇಲಿನ ಪಟ್ಟಿಯೇ ಕೊನೆಯ ಮಾತು. "ಹತ್ತಿರ ಹತ್ತಿರ 3.8" ಎಂದು ಬಿಟ್ಟರೆ ಆಗದು, ಇವತ್ತಿನ ತೂಕ ಬೇಕು. ಮನುಷ್ಯರ ತಕ್ಕಡಿ ಮೇಲೆ ಎತ್ತಿಕೊಂಡು ನಿಂತು ಕಳೆಯುವ ಲೆಕ್ಕದಲ್ಲಿ ಇನ್ನೂರು ಗ್ರಾಂ ಸುಲಭವಾಗಿ ತಪ್ಪುತ್ತದೆ. ಪ್ರಯಾಣದ ಚೀಲ ತೂಗುವ ನೇತು ತಕ್ಕಡಿ ಇದ್ದರೆ ನಾಯಿಯನ್ನು ಅದರ ಕ್ಯಾರಿಯರ್ ಬ್ಯಾಗಿನಲ್ಲಿ ಕೂರಿಸಿ ತೂಗಿ, ಆಮೇಲೆ ಖಾಲಿ ಬ್ಯಾಗ್ ತೂಗಿ ಕಳೆಯಿರಿ.

ಈ ಮೂರೂ ಮಾತ್ರೆಗಳು ಒಂದೇ ಗುಂಪಿನವು (ಐಸೊಕ್ಸಜೊಲಿನ್). ಹಿಂದೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಈ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ಕಾಣಿಸಬಹುದು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಬಹುಪಾಲು ನಾಯಿಗಳು ಏನೂ ಆಗದೆ ತಡೆದುಕೊಳ್ಳುತ್ತವೆ. ಆದರೂ ಕೇಳಿಯೇ ಕೊಡುವ ಔಷಧಿ ಇದು.

---

ದಾರಿಹೋಕ

ಮಾತ್ರೆಯ ಬಗ್ಗೆ ಒಂದು ತಕರಾರು. ಮಾತ್ರೆ ಕೆಲಸ ಮಾಡಬೇಕಾದರೆ ಉಣ್ಣೆ ಮೊದಲು ಕಚ್ಚಿ ರಕ್ತ ಹೀರಲೇಬೇಕು. ಸಾಯಲು 24–48 ಗಂಟೆ ಹಿಡಿಯುತ್ತದೆ. ಉಣ್ಣೆಯಿಂದ ಹರಡುವ ಲೈಮ್ ಕಾಯಿಲೆಯ ರೋಗಾಣು ನಾಯಿಯ ಮೈಗೆ ದಾಟಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಬೇಕು, ಸರಿ. ಆದರೆ ಉಣ್ಣೆಯಿಂದಲೇ ಬರುವ ಎರ್ಲಿಕಿಯಾ ಎಂಬ ಇನ್ನೊಂದು ರೋಗಾಣು ಕೆಲವೇ ಗಂಟೆಗಳಲ್ಲಿ ದಾಟಬಲ್ಲದು. ಹಾಗಾಗಿ ಕಾಡಂಚಿನ ದಾರಿಗೆ ಪರ್ಮೆಥ್ರಿನ್ ಇರುವ ಹನಿಯೇ ಮೇಲು ಅನ್ನುವುದು ನನ್ನ ವಾದ. ಉಣ್ಣೆ ಮೈ ಹತ್ತಿದರೂ ಕಾಲು ಸುಟ್ಟಂತಾಗಿ ಕಚ್ಚುವ ಮೊದಲೇ ಬಿದ್ದುಹೋಗುತ್ತದೆ.

---

ಔಷಧಿಪೆಟ್ಟಿಗೆ

@ದಾರಿಹೋಕ ವಾದ ಸರಿ, ಈ ಪ್ರಯಾಣಕ್ಕೆ ಮಾತ್ರ ಹೊಂದುವುದಿಲ್ಲ. ಕೊನೆಯ ಮನೆಯಲ್ಲಿ ಬೆಕ್ಕುಗಳಿವೆ. ನಾಯಿಗೆ ಹಾಕುವ ಸಾಂದ್ರತೆಯ ಪರ್ಮೆಥ್ರಿನ್ ಬೆಕ್ಕಿಗೆ ವಿಷ: ಅದರ ಯಕೃತ್ತು ಇದನ್ನು ಒಡೆದು ಹೊರಹಾಕಲಾರದು. ಹನಿ ಹಸಿಯಿರುವ ನಾಯಿಯ ಮೈಗೆ ಒರಗಿ ಮಲಗಿದರೆ, ನೆಕ್ಕಿದರೆ ಸಾಕು, ನಡುಕ, ಫಿಟ್ಸ್ ಶುರುವಾಗುತ್ತದೆ. ಒಣಗಿದ ಮೇಲೆ ಅಪಾಯ ಬಹಳ ಇಳಿಯುತ್ತದೆ, ನಿಜ. ಆದರೆ ನೆಂಟರ ಬೆಕ್ಕು ಎಲ್ಲಿ ಮಲಗುತ್ತದೆ ಎಂದು ಕಾವಲು ಕಾಯುವವರು ಯಾರು?

ಕಚ್ಚುವ ಮೊದಲೇ ಓಡಿಸುವ ಗುಣ ಬೇಕೆಂದರೆ ಇಮಿಡಾಕ್ಲೊಪ್ರಿಡ್ ಮತ್ತು ಫ್ಲುಮೆಥ್ರಿನ್ ಇರುವ ಕಾಲರ್ ನೋಡಿ. ಇದೇ ಜೋಡಿ ಔಷಧಿಯ ಕಾಲರ್ ಬೆಕ್ಕುಗಳಿಗೂ ಬರುತ್ತದೆ, ಆದ್ದರಿಂದ ಬೆಕ್ಕಿರುವ ಮನೆಗೆ ಇದು ಕಡಿಮೆ ತಲೆನೋವು. 8 ಕೆಜಿವರೆಗಿನ ನಾಯಿಗೆ ಚಿಕ್ಕ ಅಳತೆಯದು, 38 ಸೆಂಮೀ ಉದ್ದ. ಕತ್ತು ಮತ್ತು ಕಾಲರ್ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು. ಬಿಗಿದ ಮೇಲೆ ಕುಣಿಕೆಯಿಂದಾಚೆ 2 ಸೆಂಮೀ ಬಿಟ್ಟು ಉಳಿದದ್ದನ್ನು ಕತ್ತರಿಸಿ, ಇಲ್ಲದಿದ್ದರೆ ಜೊತೆಯ ನಾಯಿ ಆ ತುದಿಯನ್ನು ಜಗಿಯುತ್ತದೆ. ಹಗ್ಗ ಕಟ್ಟಲು ಇದು ಅಲ್ಲ, ಅದಕ್ಕೆ ಹಾರ್ನೆಸ್ ಬೇರೆ ಇರಲಿ. ಕಾಲರ್ ಹಾಕುವ ಹೊತ್ತಿಗೆ ಮೈಮೇಲಿದ್ದ ಉಣ್ಣೆ ಎರಡು ದಿನ ಬದುಕಿರಬಹುದು, ಅವನ್ನು ಕೈಯಿಂದಲೇ ತೆಗೆಯಬೇಕು. ಪದೇ ಪದೇ ನೀರಿಗಿಳಿದರೆ ಕಾಲರಿನ ಏಳೆಂಟು ತಿಂಗಳ ಆಯಸ್ಸು ಕಡಿಮೆಯಾಗುತ್ತದೆ, ಹತ್ತು ದಿನಕ್ಕೆ ತೊಂದರೆಯಿಲ್ಲ. ನಕಲಿ ಕಾಲರ್ ಬಹಳ ಓಡಾಡುತ್ತಿದೆ, ಸೀಲ್ ಒಡೆಯದ ಡಬ್ಬಿಯನ್ನೇ ಕೊಳ್ಳಿ.

ಮೂರನ್ನೂ ಒಟ್ಟಿಗೆ ಬಳಸುವ ಮಾತು: ಬೇಡ. ಪರ್ಮೆಥ್ರಿನ್ ಹನಿ ಮತ್ತು ಫ್ಲುಮೆಥ್ರಿನ್ ಕಾಲರ್ ಎರಡೂ ಪೈರೆಥ್ರಾಯ್ಡ್ ಎಂಬ ಒಂದೇ ಕೀಟನಾಶಕ ಜಾತಿಯವು. ಎರಡನ್ನೂ ಹಾಕಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ, ಚಿಕ್ಕ ಮೈಯ ಮೇಲಿನ ವಿಷದ ಹೊರೆ ಮಾತ್ರ ಇಮ್ಮಡಿ. ಮಾತ್ರೆ ಮತ್ತು ಕಾಲರ್ ಬೇರೆ ಬೇರೆ ಜಾತಿ, ವೈದ್ಯರು ಒಪ್ಪಿದರೆ ಆ ಜೋಡಿ ನಡೆಯುತ್ತದೆ. ನಿಮ್ಮ ಜಾಗದಲ್ಲಿ ನನ್ನ ಮೊದಲ ಆಯ್ಕೆ ಅದೇ.

ಅಮಿಟ್ರಾಜ್ ಎಂಬ ಉಣ್ಣೆನಾಶಕ ಕಲಸಿ ಮೈ ತೊಳೆಯುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಪುಟ್ಟ ತಳಿಗಳು ಅದಕ್ಕೆ ಬೇಗ ತೂಕಡಿಸುತ್ತವೆ, ಹೃದಯದ ಬಡಿತ ಇಳಿಯುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಕಾರಿನಲ್ಲಿ ಮಂಕಾಗಿ ಬಿದ್ದ ನಾಯಿಗೆ ಪ್ರಯಾಣದ ಸುಸ್ತೋ ಔಷಧಿಯ ವಿಷವೋ ಹೇಳುವುದು ಕಷ್ಟ. ದನಕರುಗಳಿಗೆ ಸಿಂಪಡಿಸುವ ದ್ರಾವಣಗಳಂತೂ ಈ ತೂಕದ ನಾಯಿಯ ಹತ್ತಿರ ಬರಲೇಬಾರದು.

---

ಬಾಚಣಿಗೆ

ಔಷಧಿಯ ಚರ್ಚೆ ಮುಗಿಯಿತಲ್ಲ, ಈಗ ಕೈಕೆಲಸ. ನನ್ನನ್ನು ಕೇಳಿದರೆ ರಕ್ಷಣೆಯಲ್ಲಿ ಅರ್ಧ ಪಾಲು ಇದರದ್ದೇ. ದಿನಕ್ಕೆ ಎರಡು ಸಲ ಮೈ ತಡವಿ ನೋಡಬೇಕು: ಹುಲ್ಲಿನಿಂದ ಬಂದ ಕೂಡಲೇ ಒಮ್ಮೆ, ಕಾರು ಹತ್ತುವ ಮೊದಲೇ, ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ.

ಹೊರಡುವ ಒಂದು ವಾರ ಮೊದಲು ಬೆರಳ ಸಂದಿ, ಕಿವಿಯ ಒಳ ಅಂಚು, ಹೊಟ್ಟೆಯ ಕೆಳಗಿನ ಕೂದಲನ್ನು ಗಿಡ್ಡ ಮಾಡಿಸಿ. ಹಿಂದಿನ ದಿನ ಬೇಡ. ಕತ್ತರಿ ತಾಗಿದ ಚರ್ಮಕ್ಕೆ ಹನಿ ಬಿದ್ದರೆ ಉರಿಯುತ್ತದೆ. ಬೋಳು ಹೊಡೆಸುವುದೂ ಬೇಡ, ಉಣ್ಣೆಗೆ ನೇರ ಚರ್ಮವೇ ಸಿಕ್ಕಂತಾಗುತ್ತದೆ.

ನೋಡುವ ಕ್ರಮ: ಬಿಳಿ ಟವೆಲ್ ಹಾಸಿ, ಟಾರ್ಚ್ ಹಿಡಿದು, ಮೂಗಿನಿಂದ ಬಾಲದ ಕಡೆಗೆ, ಕೂದಲಿನ ಎದುರು ದಿಕ್ಕಿಗೆ ಬೆರಳ ತುದಿ ಸರಿಸುತ್ತಾ ಹೋಗಿ. ರೆಪ್ಪೆಯ ಅಂಚು, ತುಟಿಯ ಮಡಿಕೆ, ಕಿವಿಯ ಒಳಗೆ ಮತ್ತು ಹಿಂದಿನ ಮಡಿಕೆ, ಕಾಲರ್ ಮತ್ತು ಹಾರ್ನೆಸ್ ಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳು, ಬೆರಳ ಸಂದಿಯಲ್ಲಿ ಪಾದದ ಮೆತ್ತೆಗಳ ನಡುವೆ, ತೊಡೆಸಂದಿ, ಗುದದ ಸುತ್ತ, ಬಾಲದ ಬುಡ. ಹಾರ್ನೆಸ್ ಬಿಚ್ಚದೆ ನೋಡಿದರೆ ನೋಡಿದ ಹಾಗಲ್ಲ. ಉದ್ದ ಕೂದಲು ಬೇರ್ಪಡಿಸಲು ಹೇರ್ ಡ್ರೈಯರಿನ ತಣ್ಣನೆ ಗಾಳಿ ಅನುಕೂಲ.

ಮರಿ ಉಣ್ಣೆ 1–2 ಮಿಮೀ ಇರುತ್ತದೆ, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಹಸಿದ ದೊಡ್ಡದು 3–4 ಮಿಮೀ. ರಕ್ತ ಕುಡಿದು ಉಬ್ಬಿದ ಹೆಣ್ಣು ಒಂದು ಸೆಂಟಿಮೀಟರಿಗೂ ಬರುತ್ತದೆ. ಒಂದು ಎಚ್ಚರಿಕೆ, ನಗಬೇಡಿ: ಹೊಟ್ಟೆಯ ಮೇಲಿನ ಮೊಲೆತೊಟ್ಟನ್ನು ಉಣ್ಣೆಯೆಂದು ಹಿಡಿದು ಎಳೆಯುವವರು ಬಹಳ ಜನ. ಗಂಡು ನಾಯಿಗೂ ತೊಟ್ಟು ಇರುತ್ತದೆ, ಎರಡು ಸಾಲಿನಲ್ಲಿ ಹೆಚ್ಚುಕಡಿಮೆ ಜೋಡಿ ಜೋಡಿಯಾಗಿ. ಉಣ್ಣೆಯಾದರೆ ಚರ್ಮಕ್ಕೆ ತಾಗಿದ ಕಡೆ ಕಾಲುಗಳು ಕಾಣಬೇಕು. ಟಾರ್ಚ್ ಹಿಡಿದು ಕಾಲು ನೋಡಿದ ಮೇಲೆ ಚಿಮಟ ಕೈಗೆತ್ತಿಕೊಳ್ಳಿ.

ತೆಗೆಯುವುದು: ತುದಿ ಚೂಪಾದ ಚಿಮಟ, ಕೈಗೆ ಗ್ಲೌಸ್. ಹೊಟ್ಟೆಯನ್ನಲ್ಲ, ಚರ್ಮಕ್ಕೆ ಅಂಟಿದ ತಲೆಯ ಭಾಗವನ್ನು ಹಿಡಿದು ನೇರ ಮೇಲಕ್ಕೆ, ಒಂದೇ ಸಮನೆ ಎಳೆಯಿರಿ. ಜರ್ಕ್ ಬೇಡ, ತಿರುಚುವುದೂ ಬೇಡ (ತಿರುಗಿಸಿ ತೆಗೆಯುವುದು ಕೊಕ್ಕೆಯಾಕಾರದ ಸಾಧನಕ್ಕೆ ಮಾತ್ರ). ಸೀಮೆಎಣ್ಣೆ, ಬೆಂಕಿಕಡ್ಡಿ, ವ್ಯಾಸಲೀನ್, ಉಗುರು ಬಣ್ಣ ಯಾವುದೂ ಬೇಡ: ಉಣ್ಣೆ ಕೆರಳಿದರೆ ತನ್ನ ಜೊಲ್ಲನ್ನು ಗಾಯದೊಳಕ್ಕೆ ಇನ್ನಷ್ಟು ಬಿಡಬಹುದು, ರೋಗಾಣು ಬರುವುದೇ ಅದರ ಜೊತೆ. ಬಾಯಿಯ ಚೂರು ಒಳಗೆ ಉಳಿದರೆ ಸೂಜಿ ಹಾಕಿ ಕೆದಕಬೇಡಿ, ಚರ್ಮವೇ ಹೊರಗೆ ದಬ್ಬುತ್ತದೆ. ಜಾಗವನ್ನು ಸೋಪುನೀರು ಅಥವಾ ಆಂಟಿಸೆಪ್ಟಿಕ್‌ನಿಂದ ಒರೆಸಿ, ಕೈ ತೊಳೆಯಿರಿ. ತೆಗೆದದ್ದನ್ನು ಉಗುರಿನಲ್ಲಿ ಚಿವುಟಬೇಡಿ. ಸ್ಪಿರಿಟ್ ಇರುವ ಪುಟ್ಟ ಸೀಸೆಗೆ ಹಾಕಿ, ದಿನಾಂಕ ಬರೆದ ಚೀಟಿಯನ್ನೂ ಒಳಗೇ ಹಾಕಿ. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿಯನ್ನು ಸ್ಪಿರಿಟ್ ಕರಗಿಸುತ್ತದೆ.

ಚಿಗಟಕ್ಕೆ ಹಲ್ಲು ಒತ್ತಾಗಿರುವ ಬಾಚಣಿಗೆ. ಬಾಲದ ಬುಡ ಮತ್ತು ಕತ್ತಿನ ಹಿಂದೆ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಬಾಚಣಿಗೆಯನ್ನು ಪ್ರತಿ ಎಳೆತಕ್ಕೂ ಸೋಪುನೀರಿಗೆ ಅದ್ದಿ, ಬರಿ ನೀರಾದರೆ ಹಾರಿ ಹೋಗುತ್ತವೆ.

---

ದಾರಿಹೋಕ

ಬಾಡಿಗೆ ಮನೆಯ ಬಗ್ಗೆ. ಖಾಲಿ ಬಿದ್ದಿದ್ದ ಕೋಣೆಯಲ್ಲಿ ಚಿಗಟ ಇರುವುದಿಲ್ಲ ಎಂದುಕೊಳ್ಳಬೇಡಿ, ಅಲ್ಲೇ ಹೆಚ್ಚು. ಗೂಡಿನೊಳಗಿನ ಕೋಶಾವಸ್ಥೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ನೆಲದ ಕಂಪನ, ಮೈಯ ಬಿಸಿ, ಉಸಿರಿನ ಇಂಗಾಲದ ಡೈ ಆಕ್ಸೈಡ್ ತಾಗಿದ ಕೂಡಲೇ ಗೂಡೊಡೆದು ಹಾರುತ್ತದೆ. ನೀವು ಬಾಗಿಲು ತೆರೆದು ಒಳಗೆ ಹೋದ ಮೊದಲ ಅರ್ಧ ಗಂಟೆಯೇ ಪರೀಕ್ಷೆಯ ಹೊತ್ತು. ನಾಯಿ ಕಾರಿನಲ್ಲೇ ಇನ್ನೊಬ್ಬರ ಜೊತೆ ಇರಲಿ (ಬಿಸಿಲಲ್ಲಿ ಒಂಟಿಯಾಗಿ ಬಿಡಬೇಡಿ). ನೀವು ಬಿಳಿ ಉದ್ದ ಕಾಲುಚೀಲ ಹಾಕಿ ಕೋಣೆಯೆಲ್ಲ, ಮುಖ್ಯವಾಗಿ ಸೋಫಾ ಮುಂದೆ, ಕಾರ್ಪೆಟ್ ಮೇಲೆ, ಮಂಚದ ಪಕ್ಕ ನಾಲ್ಕೈದು ನಿಮಿಷ ಓಡಾಡಿ. ಕಾಲುಚೀಲದ ಮೇಲೆ ಕಪ್ಪು ಚುಕ್ಕೆ ಹಾರಾಡಿದರೆ ಕೋಣೆ ಬದಲಿಸಲು ಕೇಳಿ.

ಉಣ್ಣೆಗೆ ಬೇರೆ ಲೆಕ್ಕ. ಕಂದು ನಾಯಿ ಉಣ್ಣೆ ಹುಲ್ಲಿನದ್ದಲ್ಲ, ಮನೆಯೊಳಗೇ ಪೂರ್ತಿ ಬದುಕು ಮುಗಿಸಬಲ್ಲದು. ಗೋಡೆ ಹತ್ತುವ ಚಾಳಿ ಅದಕ್ಕೆ. ಮೊದಲು ನೋಡಬೇಕಾದದ್ದು ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ಪರದೆಯ ಮಡಿಕೆ, ಅಲ್ಲಿಟ್ಟಿರುವ ನಾಯಿ ಹಾಸಿಗೆಯ ಹೊಲಿಗೆ. ಅವರ ಹಾಸಿಗೆ, ಅವರ ಬ್ರಷ್ ಮುಟ್ಟಬೇಡಿ, ನಿಮ್ಮದೇ ಕ್ರೇಟ್ ಒಳಗೆ ಬಿಳಿ ಹತ್ತಿ ಬಟ್ಟೆ ಹಾಸಿ. ಬಿಳಿಯಾದರೆ ಏನು ಉದುರಿದರೂ ಕಾಣುತ್ತದೆ.

ಕೊಳೆ ಬಟ್ಟೆ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ. ಒಗೆಯುವಾಗ 60 ಡಿಗ್ರಿ ಸೆಲ್ಸಿಯಸ್. ತಣ್ಣೀರಿನಲ್ಲಿ ಒಗೆದರೆ ಉಣ್ಣೆ ಸಾಯುವುದಿಲ್ಲ. ಒಣ ಬಟ್ಟೆಯನ್ನು ಡ್ರೈಯರಿನಲ್ಲಿ ಹೆಚ್ಚಿನ ಬಿಸಿಗೆ ಹತ್ತು ನಿಮಿಷ ತಿರುಗಿಸಿದರೆ ಸಾಯುತ್ತದೆ. ಒಣ ಶಾಖ ಅದಕ್ಕೆ ಆಗದು.

ಹುಲ್ಲುದಾರಿಯಲ್ಲಿ ನಡುವೆ ನಡೆಸಿ, ಹಗ್ಗ ಗಿಡ್ಡವಿರಲಿ. ಉಣ್ಣೆಗಳು ಹುಲ್ಲಿನ ತುದಿಗೆ ಏರಿ ಮುಂಗಾಲು ಚಾಚಿ ಕಾಯುತ್ತವೆ; ದೊಡ್ಡ ನಾಯಿಯ ಕಾಲಿಗೆ ತಾಗುವುದು ಪುಟ್ಟ ನಾಯಿಯ ಹೊಟ್ಟೆಗೆ, ಮುಖಕ್ಕೆ ತಾಗುತ್ತದೆ.

---

ಪುಟ್ಟಪಂಜ

ಇಷ್ಟು ವಿವರಕ್ಕೆ ಧನ್ಯವಾದ. ಮಾತ್ರೆ ಮತ್ತು ಕಾಲರ್ ಬಗ್ಗೆ ಈ ವಾರವೇ ವೈದ್ಯರನ್ನು ಕೇಳುತ್ತೇನೆ. ಇನ್ನೂ ಮೂರು ಅನುಮಾನ. ಮಾತ್ರೆ ಕೊಟ್ಟ ಮೇಲೆ ವಾಂತಿ ಮಾಡಿದರೆ? ಮಾತ್ರೆ ಕೊಟ್ಟೂ ಜೀವಂತ ಉಣ್ಣೆ ಕಂಡರೆ ಔಷಧಿ ಕೆಲಸ ಮಾಡಿಲ್ಲ ಎಂದರ್ಥವೇ? ಬೆಳ್ಳುಳ್ಳಿ, ಬೇವಿನೆಣ್ಣೆ, ಟೀ ಟ್ರೀ ಎಣ್ಣೆ ಜೊತೆಗಿಟ್ಟುಕೊಳ್ಳಲೇ?

---

ಔಷಧಿಪೆಟ್ಟಿಗೆ

ವಾಂತಿ: ಕೊಟ್ಟ ಹೊತ್ತನ್ನು ಬರೆದಿಡಿ. ಎರಡು ಗಂಟೆಯೊಳಗೆ ಆದರೆ ಮತ್ತೆ ಪೂರ್ತಿ ಮಾತ್ರೆ ಕೊಡಲು ಅಫಾಕ್ಸೊಲಾನರ್ ಪ್ಯಾಕಿನ ಸೂಚನೆಯಲ್ಲಿದೆ. ಬೇರೆ ಔಷಧಿಗೆ ಅದರದ್ದೇ ಸೂಚನೆ ನೋಡಿ, ವೈದ್ಯರಿಗೆ ಒಂದು ಫೋನ್ ಮಾಡಿ. ಕಾರಿನಲ್ಲಿ ವಾಂತಿ ಮಾಡುವ ಅಭ್ಯಾಸವಿರುವ ನಾಯಿಗೆ ಹೊರಡುವ ದಿನ ಮಾತ್ರೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದು.

ಜೀವಂತ ಉಣ್ಣೆ: ಹೊಸದಾಗಿ ಹತ್ತಿದ್ದು ಸಾಯಲು ಒಂದೆರಡು ದಿನ ಬೇಕೇ ಬೇಕು, ಕಂಡಿತೆಂದು ಎರಡನೇ ಡೋಸ್ ಕೊಡಬಾರದು. ಕೈಯಿಂದ ತೆಗೆಯಿರಿ. ಎರಡು ದಿನ ಕಳೆದೂ ಉಬ್ಬುತ್ತಲೇ ಇದ್ದರೆ ಮಾತ್ರ ತೂಕ, ಡೋಸ್, ಅವಧಿ ಮುಗಿದ ದಿನಾಂಕ ಮತ್ತೆ ನೋಡಬೇಕು.

ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಚಿಕ್ಕ ಮೈಗೆ ಕಡಿಮೆ ಪ್ರಮಾಣವೇ ಸಾಕು. ಟೀ ಟ್ರೀ ಎಣ್ಣೆ ಹಚ್ಚಿದ ಪುಟ್ಟ ನಾಯಿಗಳು ತೂರಾಡಿ, ನಡುಗಿ ಆಸ್ಪತ್ರೆ ಸೇರುತ್ತವೆ. ಬೇವಿನೆಣ್ಣೆಯನ್ನು ಔಷಧಿಯ ಬದಲಿಗೆ ನಂಬುವಂತಿಲ್ಲ.

ತುರ್ತಿಗೆ 0.25% ಫಿಪ್ರೊನಿಲ್ ಸ್ಪ್ರೇ ಇಟ್ಟುಕೊಳ್ಳುವವರಿದ್ದಾರೆ. ಅಳತೆ ಕೆಜಿಗೆ 3–6 ಮಿಲೀ, ಅಂದರೆ ನಿಮ್ಮ ನಾಯಿಗೆ ಸುಮಾರು 11ರಿಂದ 23 ಮಿಲೀ. 100 ಮಿಲೀ ಸೀಸೆ ಒಂದು ಒತ್ತಿಗೆ 0.5 ಮಿಲೀ ಬಿಡುವಂಥದ್ದಾದರೆ 23–46 ಒತ್ತು. ನಾಲ್ಕು ಸಲ ಪುಸ್ ಎನಿಸಿ ಬಿಡುವವರೇ ಹೆಚ್ಚು, ಆಮೇಲೆ ಔಷಧಿಯನ್ನು ಬೈಯುತ್ತಾರೆ. ಇದರಲ್ಲಿ ಆಲ್ಕೋಹಾಲ್ ಇರುವುದರಿಂದ ಬೆಂಕಿ ಹತ್ತಿಕೊಳ್ಳುತ್ತದೆ. ಕಾರಿನೊಳಗೆ ಬೇಡ, ಗಾಳಿಯಾಡುವ ಕಡೆ ಗ್ಲೌಸ್ ಹಾಕಿ ಹಾಕಬೇಕು, ಮುಖಕ್ಕೆ ಕೈಯಿಂದ ಸವರಬೇಕು. ಮೈ ಒಣಗುವವರೆಗೆ ಪುಟ್ಟ ನಾಯಿಗೆ ಚಳಿ ಹಿಡಿಯುತ್ತದೆ, ನೆಕ್ಕದಂತೆಯೂ ನೋಡಿಕೊಳ್ಳಬೇಕು. ನೆಂಟರ ಮನೆಯಲ್ಲಿ ಮೊಲವೂ ಇದ್ದರೆ ಅದರ ಹತ್ತಿರ ಫಿಪ್ರೊನಿಲ್ ಸುಳಿಯಬಾರದು, ಮೊಲಕ್ಕೆ ಅದು ಮಾರಕ. ಆದರೆ ಮಾತ್ರೆ, ಕಾಲರ್ ಎರಡೂ ಇರುವಾಗ ಇದು ಬೇಕಾಗುವುದಿಲ್ಲ ಎಂದೇ ನನ್ನ ಅಭಿಪ್ರಾಯ.

---

ಬಾಚಣಿಗೆ

ವಾಪಸ್ ಬಂದ ಮೇಲಿನದ್ದು ಯಾರೂ ಬರೆದಿಲ್ಲ. ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡುತ್ತದೆ, ಮೊಟ್ಟೆ ಕೂದಲಿಗೆ ಅಂಟುವುದಿಲ್ಲ, ನಾಯಿ ಕೂತಲ್ಲೆಲ್ಲ ಉದುರುತ್ತದೆ. ಹಾಗಾಗಿ ಕಾರಿನ ಸೀಟಿನ ಸಂದಿ, ಮ್ಯಾಟ್, ಕ್ರೇಟಿನ ಮೂಲೆಗಳನ್ನು ಮೊದಲ ದಿನವೇ ವ್ಯಾಕ್ಯೂಮ್ ಮಾಡಿ, ಅದರ ಚೀಲವನ್ನು ಬಿಗಿದು ಹೊರಗೆ ಹಾಕಿ. ಕ್ರೇಟನ್ನು ನೇರ ಮಲಗುವ ಕೋಣೆಗೆ ಒಯ್ಯಬೇಡಿ. ಬಾಚಣಿಗೆ ಪರೀಕ್ಷೆ ಎರಡು ವಾರ ಮುಂದುವರಿಯಲಿ, ಮುಂದಿನ ತಿಂಗಳ ಡೋಸ್ ತಪ್ಪಿಸಬೇಡಿ. ಬಾಲದ ಕೆಳಗೆ ಅಕ್ಕಿಕಾಳಿನಂಥ ಬಿಳಿ ಚೂರು ಕಂಡರೆ ಅದು ಚಿಗಟ ನುಂಗಿದ್ದರಿಂದ ಬಂದ ಲಾಡಿಹುಳು, ಅದಕ್ಕೆ ಔಷಧಿ ಬೇರೆ.

---

ಔಷಧಿಪೆಟ್ಟಿಗೆ

ಅದರ ಜೊತೆಗೆ ಮೂರು ವಾರ ನಾಯಿಯ ಮೇಲೆ ಕಣ್ಣಿರಲಿ. ಊಟ ಬಿಡುವುದು, ಮಂಕು, 39.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಜ್ವರ (ಡಿಜಿಟಲ್ ಥರ್ಮಾಮೀಟರ್, ಗುದದಲ್ಲಿ), ಬಿಳಿಚಿದ ವಸಡು, ಮೂಗಿನಿಂದ ರಕ್ತ, ಕಂದು ಅಥವಾ ಕೆಂಪು ಮೂತ್ರ: ಇವುಗಳಲ್ಲಿ ಒಂದು ಕಂಡರೂ ನಾಳೆಗೆ ಮುಂದೂಡಬೇಡಿ. ಉಣ್ಣೆಯಿಂದ ಬರುವ ಬಬೇಸಿಯಾ ಎಂಬ ರೋಗಾಣು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಎರ್ಲಿಕಿಯಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ. ನಾಯಿಯ ರಕ್ತ ಕೆಜಿಗೆ 80–90 ಮಿಲೀ, ನಿಮ್ಮದಕ್ಕೆ ಒಟ್ಟು 300ರ ಆಸುಪಾಸು, ಕಾಯುವಷ್ಟು ಉಳಿಕೆ ಅದರ ಮೈಯಲ್ಲಿ ಇಲ್ಲ. ಎಲ್ಲೆಲ್ಲಿ ತಂಗಿದ್ದಿರಿ, ಯಾವ ದಿನ ಉಣ್ಣೆ ತೆಗೆದಿರಿ ಎಂದು ಹೇಳಿ, ಆ ಸ್ಪಿರಿಟ್ ಸೀಸೆಯನ್ನೂ ಒಯ್ಯಿರಿ. ಉಳಿದ ಡಾಕ್ಸಿಸೈಕ್ಲಿನ್ (ಆಂಟಿಬಯೋಟಿಕ್) ಮನೆಯಲ್ಲಿದೆಯೆಂದು ಮೊದಲೇ ಕೊಟ್ಟುಬಿಡಬೇಡಿ. ರಕ್ತ ತೆಗೆಯುವ ಮೊದಲೇ ಔಷಧಿ ಶುರುವಾದರೆ ಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗಬಹುದು, ಬಬೇಸಿಯಾ ಆಗಿದ್ದರೆ ಅದೊಂದರಿಂದ ಗುಣವೂ ಆಗುವುದಿಲ್ಲ.